ಬೀಗದಕೈ ಯಾರ ಕೈಯಲ್ಲಿ?

ಬೇಸಿಗೆ ರಜಕ್ಕೆ ಮೊಮ್ಮಗ ಬಂದಿದ್ದ. ಮಗಳ ಮಗ, ಶಿರಾದಲ್ಲಿ ನಾಲ್ಕನೇ ಕ್ಲಾಸು. ಹೆಂಗಸರೆಲ್ಲ ಅಂಗಳದಲ್ಲಿ ಕೂತು ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದರು. ಮೋಟಾರು ಹಾಕಲು ತೋಟಕ್ಕೆ ಹೋಗಿದ್ದ ನಾನು ಹತ್ತು ಗಂಟೆ ಹೊತ್ತಿಗೆ ಮನೆಗೆ ಬಂದೆ. ನಡುಮನೆಯಲ್ಲಿ ಕಬ್ಬಿಣದ ಉದ್ದನೆಯ ಪೆಟ್ಟಿಗೆ ಬಾಯಿ ತೆರೆದುಕೊಂಡಿತ್ತು. ಹುಡುಗ ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಅವನ ತೊಡೆಯ ಮೇಲೆ ನಮ್ಮಪ್ಪನ ಕಾಲದ ಒಂಟಿನಳಿಗೆ ತುಪಾಕಿ.

ಕಿರುಚಿದರೆ ಬೆಚ್ಚಿಬೀಳುತ್ತಾನೆ ಎಂದು ಮೆಲ್ಲಗೆ ಹೋಗಿ ತೆಗೆದುಕೊಂಡೆ. ತುಪಾಕಿ ಖಾಲಿಯಿತ್ತು. ಮದ್ದು, ಕೇಪು ಬೇರೆ ಕೋಣೆಯಲ್ಲಿದ್ದವು. ಆದರೂ ನನ್ನ ಕೈ ನಡುಗುತ್ತಿತ್ತು.

"ಬೀಗದಕೈ ಎಲ್ಲಿ ಸಿಕ್ತೋ ನಿಂಗೆ?"

"ದೇವರ ಫೋಟೋ ಹಿಂದೆ ಮೊಳೆಗೆ ಇತ್ತಲ್ಲ ತಾತ. ಅದು ಎಲ್ಲಾರ್ಗೂ ಗೊತ್ತು."

ಎಲ್ಲರಿಗೂ ಗೊತ್ತು! ಆ ರಾತ್ರಿ ಜಗುಲಿಯ ಮೇಲೆ ಮಲಗಿ ಬೆರಳು ಮಡಿಸಿ ಎಣಿಸಿದೆ. ಹೆಂಡತಿ, ಮಗ, ಸೊಸೆ, ಮಗಳು, ಅಳಿಯ, ಪಕ್ಕದ ಮನೆಯ ತಮ್ಮ, ಅವನ ಮಗ, ಹದಿನೈದು ವರ್ಷದಿಂದ ನಮ್ಮ ಜೊತೆ ದುಡಿಯುವ ಆಳು, ಈಗ ಈ ಮೊಮ್ಮಗ. ಒಂಬತ್ತು ಜನ. ಲೈಸೆನ್ಸಿನಲ್ಲಿ ಇರುವ ಹೆಸರು ಮಾತ್ರ ಒಂದೇ, ನನ್ನದು.

ಗಡಿಯಾಚೆಯ ಓದುಗರಿಗೆ ಒಂದು ಮಾತು ಹೇಳಬೇಕು. ಅನಂತಪುರ ಸೀಮೆ, ಅದರಲ್ಲೂ ತುಪಾಕಿ ಎಂದ ಕೂಡಲೇ ಸಿನಿಮಾ ನೋಡಿದವರಿಗೆ ಬೇರೇನೋ ಹೊಳೆಯುತ್ತದೆ. ನಮ್ಮ ಮಡಕಶಿರಾ, ರೊಳ್ಳ, ಅಗಳಿ, ಅಮರಾಪುರಂ ಕಡೆ ರೈತನ ಮನೆಯ ತುಪಾಕಿ ಕಡಲೆಕಾಯಿ ಕಾಯುವುದಕ್ಕೆ. ಬಿತ್ತಿದ ಬೀಜವನ್ನು ಹಂದಿ ಸಾಲು ಹಿಡಿದು ಆಯ್ದು ತಿನ್ನುತ್ತದೆ. ಅದು ತಪ್ಪಿದರೆ ಕಾಯಿ ಕಟ್ಟಿದ ಮೇಲೆ ಬಂದು ಮಡಿಯನ್ನೇ ಉತ್ತುಹಾಕುತ್ತದೆ. ಗುಡ್ಡದ ಕರಡಿಯೂ ಇಳಿಯುತ್ತದೆ. 1959ರ ಆಯುಧ ಕಾಯ್ದೆಯ 13ನೇ ಕಲಮಿನಲ್ಲೇ ಬೆಳೆ ಕಾಯುವ ರೈತನಿಗೆ ಬಾಯಿಂದ ಮದ್ದು ತುಂಬುವ ಇಂಥ ತುಪಾಕಿಯ ಪ್ರಸ್ತಾಪ ಇದೆ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ಬಗೆಯ ನುಣುಪು ನಳಿಗೆಯದನ್ನೂ ಕೊಡಬಹುದು ಎಂದಿದೆ. ಹಾಗಂತ ಲೈಸೆನ್ಸು ಇದೆ ಎಂದು ಹಂದಿ ಹೊಡೆಯುವ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆಯಂತೆ ಅದಕ್ಕೆ ಅರಣ್ಯ ಇಲಾಖೆಯ ಬರಹದ ಅಪ್ಪಣೆ ಬೇಕು. ಕರಡಿಯಂತೂ ಮೊದಲನೇ ಪಟ್ಟಿಯಲ್ಲಿರುವ ಪ್ರಾಣಿ. ನಾವು ಬರೀ ಮದ್ದು ಹಾಕಿ ಆಕಾಶಕ್ಕೆ ಸದ್ದು ಮಾಡುವವರು.

ಅಪ್ಪನ ಕಾಲದಲ್ಲಿ ಪೆಟ್ಟಿಗೆಯೂ ಇರಲಿಲ್ಲ, ಬೀಗವೂ ಇರಲಿಲ್ಲ. ಪಡಸಾಲೆ ಗೋಡೆಗೆ ಹೊಡೆದ ಎರಡು ಗೂಟದ ಮೇಲೆ ತುಪಾಕಿ ಮಲಗಿರುತ್ತಿತ್ತು. ಆಯುಧ ಪೂಜೆಗೆ ಅದಕ್ಕೊಂದು ಚೆಂಡುಹೂವಿನ ಹಾರ. ಊರ ತೇರಿನ ದಿನ ಅಪ್ಪ ಹೆಗಲಿಗೆ ಹಾಕಿಕೊಂಡು ಹೋಗಿ ಎರಡು ಸಲ ಮೇಲಕ್ಕೆ ಹೊಡೆದು ಬರುತ್ತಿದ್ದ. ಮಕ್ಕಳಾದ ನಾವು ಹೆಮ್ಮೆಯಿಂದ ಹಿಂದೆ ಓಡುತ್ತಿದ್ದೆವು. ಈಗ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ. ಜಾತ್ರೆ, ಮೆರವಣಿಗೆ, ಶಾಲೆಯ ಆವರಣಕ್ಕೆ ವಿಶೇಷ ಅಪ್ಪಣೆ ಇಲ್ಲದೆ ಆಯುಧ ಒಯ್ಯಬಾರದೆಂದು ಲೈಸೆನ್ಸಿನ ಷರತ್ತಿನಲ್ಲೇ ಇದೆ. 2019ರ ತಿದ್ದುಪಡಿ ಬಂದ ಮೇಲೆ ಸಂಭ್ರಮಕ್ಕೆಂದು ಜನರ ನಡುವೆ ಗುಂಡು ಹಾರಿಸಿ ಅಪಾಯ ತಂದೊಡ್ಡಿದರೆ ಎರಡು ವರ್ಷದ ತನಕ ಜೈಲು, ಇಲ್ಲವೇ ಒಂದು ಲಕ್ಷದ ತನಕ ದಂಡ, ಇಲ್ಲವೇ ಎರಡೂ.

1998ರಲ್ಲಿ ಅಪ್ಪ ತೀರಿಕೊಂಡ. ತಿಥಿ, ಸಾಲ, ಪಾಲು ಎಂದು ನಾವು ಓಡಾಡುತ್ತಿದ್ದಾಗ ತುಪಾಕಿ ಅಟ್ಟ ಸೇರಿತು. ಎರಡು ತಿಂಗಳ ಮೇಲೆ ಒಬ್ಬ ಪೊಲೀಸಿನವರು ಬಂದು ತೆಲುಗಿನಲ್ಲಿ ಕೇಳಿದರು, "ಮೀ ನಾಯನ ತುಪಾಕಿ ಎಕ್ಕಡುಂದಿ?" ಅಟ್ಟದ ಮೇಲಿದೆ ಅಂದೆ. ಆ ಮನುಷ್ಯ ಒಳ್ಳೆಯವರು, ಬೈಯಲಿಲ್ಲ. ಲೈಸೆನ್ಸುದಾರ ಸತ್ತ ಮೇಲೆ ಆ ಆಯುಧ ಮನೆಯಲ್ಲಿರುವಂತಿಲ್ಲ, ತಡಮಾಡದೆ ಹತ್ತಿರದ ಠಾಣೆಗೋ ಲೈಸೆನ್ಸು ಪಡೆದ ಬಂದೂಕು ವ್ಯಾಪಾರಿಗೋ ಒಪ್ಪಿಸಬೇಕು, ಅದು 21ನೇ ಕಲಮು ಎಂದು ತಿಳಿಸಿ ಹೇಳಿದರು. ಮಾರನೆಯ ದಿನವೇ ಒಪ್ಪಿಸಿ ರಶೀದಿ ತಂದೆ. ವಾರಸುದಾರನಾಗಿ ನನ್ನ ಹೆಸರಿಗೆ ಲೈಸೆನ್ಸಾಗಿ ಅದು ಮನೆಗೆ ಬಂದದ್ದು 2000ದಲ್ಲಿ. ಅರ್ಜಿಯನ್ನು ನಾಲ್ಕು ಸಲ ಬರೆದೆ. ನನ್ನ ತೆಲುಗು ಅರ್ಜಿಗಿಂತ ಪದ್ಯಕ್ಕೇ ಲಾಯಕ್ಕು ಎಂದು ಗುಮಾಸ್ತರು ನಕ್ಕಿದ್ದುಂಟು. ಠಾಣೆಯಲ್ಲಿ ಹೇಳಿದ ಹಾಗೆ ಉದ್ದನೆಯ ಕಬ್ಬಿಣದ ಪೆಟ್ಟಿಗೆ ಮಾಡಿಸಿ, ಹಿಂದೂಪುರದಿಂದ ಒಂದು ಗಟ್ಟಿ ಬೀಗ ತಂದೆ. ಬೀಗದಕೈ ಅವ್ವನಿಗೆ ಕೊಟ್ಟೆ. ಮನೆಯ ಎಲ್ಲ ಬೀಗದಕೈಗಳೂ ಅವಳ ಎಲೆಅಡಿಕೆ ಸಂಚಿಯಲ್ಲೇ ಇರುತ್ತಿದ್ದವು, ಇದೂ ಅಲ್ಲಿಗೇ ಹೋಯಿತು.

ಮುಂದಿನ ಮಾತನ್ನು ಬರೆಯಲು ನನ್ನ ತಮ್ಮನೇ ಒಪ್ಪಿದ್ದಾನೆ. "ಬರಿ ಅಣ್ಣ, ಯಾರಿಗಾದ್ರೂ ಉಪಯೋಗ ಆಗ್ಲಿ" ಅಂದ.

2003. ಮಳೆಯಿಲ್ಲ. ಕಡಲೆಕಾಯಿ ಗಿಡ ಹೂ ಬಿಟ್ಟಲ್ಲೇ ಒಣಗಿತ್ತು. ತಮ್ಮ ಎರಡು ಬೋರು ಹಾಕಿಸಿದ್ದ, ಎರಡರಲ್ಲೂ ದೂಳು. ಸಾಲ ಕೊಟ್ಟವರು ಬಾಗಿಲಿಗೆ ಬಂದು ಮಾತಾಡಿದ್ದರು. ಒಂದು ರಾತ್ರಿ ನಾನು ಊರಲ್ಲಿರಲಿಲ್ಲ. ತಮ್ಮ ಬಂದು ಅವ್ವನ ಹಾಸಿಗೆ ಪಕ್ಕ ಕೂತು, "ಹಂದಿ ಬಂದವೆ, ಪೆಟ್ಟಿಗೆ ಬೀಗದಕೈ ಕೊಡವ್ವ" ಅಂದನಂತೆ. ಅವ್ವ ಎದ್ದು ಕೂತು ಅವನ ಮುಖ ನೋಡಿದಳಂತೆ. ಹೊಲದಲ್ಲಿ ಹಂದಿ ಬರುವಂಥದ್ದು ಏನಿತ್ತು ಆ ವರ್ಷ? "ಬೀಗದಕೈ ನಿಮ್ಮಣ್ಣ ತಗಂಡೋಗವ್ನೆ ಮಗಾ" ಅಂದಳು. ಸುಳ್ಳು. ಸಂಚಿ ಅವಳ ಸೊಂಟದಲ್ಲೇ ಇತ್ತು. ಅವನನ್ನು ಅಲ್ಲೇ ಕೂರಿಸಿಕೊಂಡು, ಎಲೆ ಮಡಿಸಿ ಕೊಟ್ಟು, ಕೋಳಿ ಕೂಗುವ ತನಕ ಅದೂ ಇದೂ ಮಾತಾಡಿದಳು. ಬೆಳಿಗ್ಗೆ ಅವಳೇ ನಡೆದುಹೋಗಿ ತಮ್ಮನ ಹೆಂಡತಿಯ ಅಣ್ಣಂದಿರನ್ನು ಕರೆಸಿದಳು. ಸಾಲದ ಮಾತುಕತೆ ಆಮೇಲಿನದು. ತಮ್ಮ ಈಗ ಹಿಪ್ಪುನೇರಳೆ ಬೆಳೆಯುತ್ತಾನೆ, ಗೂಡಿನ ರೇಟು ಬಿದ್ದಾಗ ಸರ್ಕಾರವನ್ನು ಚೆನ್ನಾಗಿ ಬೈಯುತ್ತಾನೆ.

ಕಳ್ಳ ಬರುತ್ತಾನೆ ಎಂದು ನಾವು ಪೆಟ್ಟಿಗೆಗೆ ಬೀಗ ಹಾಕಿದ್ದೆವು. ಇಷ್ಟು ವರ್ಷದಲ್ಲಿ ಒಬ್ಬ ಕಳ್ಳನೂ ಬರಲಿಲ್ಲ. ಆ ಬೀಗವನ್ನು ಕೇಳಿಕೊಂಡು ಬಂದವರು ಇಬ್ಬರೇ, ಇಬ್ಬರೂ ಮನೆಯವರು. ಒಬ್ಬ ತಮ್ಮ, ಒಬ್ಬ ಮೊಮ್ಮಗ.

2005ರ ಫೆಬ್ರುವರಿಯಲ್ಲಿ ಪಕ್ಕದ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಪೊಲೀಸ್ ತುಕಡಿಯ ಮೇಲೆ ನಕ್ಸಲೀಯರ ದಾಳಿಯಾಯಿತು. ಆ ದಿನಗಳಲ್ಲಿ ನಮ್ಮ ಮನೆಗೂ ಪೊಲೀಸರು ಬಂದು ತುಪಾಕಿ, ಕಾಗದ, ಬೀಗ ಎಲ್ಲ ನೋಡಿದರು. ಬೀಗದಕೈ ಯಾರ ಹತ್ತಿರ ಎಂದಾಗ ಅವ್ವ ಸಂಚಿ ಬಿಚ್ಚಿ ತೋರಿಸಿದಳು. "ಅಮ್ಮಾ, ಇದು ನಿಮ್ಮ ಹತ್ರ ಇರಬಾರದು, ಲೈಸೆನ್ಸು ಇರೋರ ಹತ್ರ ಇರಬೇಕು" ಎಂದರು. ಅವರು ಹೇಳಿದ್ದು ಕಾನೂನು. ಅವ್ವ ಮಾಡಿದ್ದು ಏನು ಎಂದು ಅವರಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಅವರು ಹೋದ ಮೇಲೆ ಅವ್ವ ಬೀಗದಕೈಯನ್ನು ನನ್ನ ಕೈಗಿಟ್ಟಳು. ಒಂದು ವಾರ ಇಟ್ಟುಕೊಂಡೆ. ಅಂಗಿ ಬದಲಿಸಿದಾಗಲೆಲ್ಲ ಮರೆಯುತ್ತಿದ್ದೆ. ಮತ್ತೆ ಅವಳ ಸಂಚಿಗೇ ಹೋಯಿತು. 2011ರಲ್ಲಿ ಅವ್ವ ಹೋದಳು. ಸಂಚಿ ಯಾರೂ ಕಟ್ಟಲಿಲ್ಲ. ಬೀಗದಕೈ ದೇವರ ಫೋಟೋ ಹಿಂದಿನ ಮೊಳೆಗೆ ಬಂತು. ದೇವರು ಕಾಯುತ್ತಾನೆ ಎಂಬ ಭಕ್ತಿಯಿಂದಲ್ಲ, ಅಲ್ಲಿ ಒಂದು ಮೊಳೆ ಖಾಲಿ ಇತ್ತು ಅಷ್ಟೆ.

ಮೊಮ್ಮಗನ ಪ್ರಸಂಗ ಆದ ಮೇಲೆ ಸುತ್ತಲಿನ ನಾಲ್ಕೈದು ಲೈಸೆನ್ಸುದಾರರನ್ನು ವಿಚಾರಿಸಿದೆ. ಅವರ ತೆಲುಗು ಕಾಗದಗಳನ್ನು ಕನ್ನಡದಲ್ಲಿ ಓದಿ ಹೇಳುವವನು ನಾನೇ ಆದ್ದರಿಂದ ಸಲಿಗೆ ಇದೆ. ಅವರ ಬೀಗದಕೈಗಳು ಎಲ್ಲೆಲ್ಲಿವೆ ಎಂದು ಇಲ್ಲಿ ಬರೆದರೆ ಈ ಲೇಖನವೇ ಕಳ್ಳರಿಗೆ ನಕ್ಷೆಯಾದೀತು. ಇಷ್ಟು ಮಾತ್ರ ಹೇಳಬಲ್ಲೆ, ನಾನು ಕೇಳುವ ಮೊದಲೇ ಊಹಿಸಿದ್ದೆ, ಒಂದೂ ತಪ್ಪಲಿಲ್ಲ. ನಮ್ಮ ಮನೆಗಳಲ್ಲಿ ಏನನ್ನಾದರೂ ಬಚ್ಚಿಡುವ ಜಾಗಗಳೇ ಐದಾರು, ಅವು ಊರಿಗೆಲ್ಲ ಒಂದೇ.

ಒಬ್ಬರು ಕೇಳಿದರು: "ನಾನು ಹಾಸಿಗೆ ಹಿಡಿದೋನು, ಮಗ ತುಪಾಕಿ ತಗಂಡು ಹೊಲ ಕಾಯ್ತಾನೆ, ತಪ್ಪೇನು?" ತಪ್ಪೇ. 3ನೇ ಕಲಮಿನ ಪ್ರಕಾರ ಲೈಸೆನ್ಸುದಾರನ ಎದುರಿನಲ್ಲಿ, ಇಲ್ಲವೇ ಅವನ ಬರಹದ ಒಪ್ಪಿಗೆಯಿಂದ, ಇನ್ನೊಬ್ಬರು ಆಯುಧ ಒಯ್ಯಬಹುದು. ಆದರೆ ಅದು ರಿಪೇರಿಗೆ, ಲೈಸೆನ್ಸು ನವೀಕರಣಕ್ಕೆ, ಅಥವಾ ಲೈಸೆನ್ಸುದಾರನೇ ಬಳಸುವುದಕ್ಕೆ ಮಾತ್ರ. ಮಗನೊಬ್ಬನೇ ರಾತ್ರಿ ಹೊಲಕ್ಕೆ ಒಯ್ದರೆ ಅದು ಲೈಸೆನ್ಸಿಲ್ಲದೆ ಆಯುಧ ಇಟ್ಟುಕೊಂಡ ಹಾಗೆ. ಕೊಟ್ಟ ಅಪ್ಪನೂ ಸಿಕ್ಕಿಬೀಳುತ್ತಾನೆ. ಇಪ್ಪತ್ತೊಂದು ತುಂಬದವರಿಗಂತೂ ಲೈಸೆನ್ಸು ಕೊಡುವ ಪ್ರಶ್ನೆಯೇ ಇಲ್ಲ. ಇದಕ್ಕೆ ನೇರ ದಾರಿಯೂ ಇದೆ. 2016ರ ಆಯುಧ ನಿಯಮಗಳಲ್ಲಿ, ಲೈಸೆನ್ಸುದಾರನಿಗೆ ಎಪ್ಪತ್ತು ತುಂಬಿದರೆ ಅಥವಾ ಆಯುಧ ಇಟ್ಟುಕೊಂಡು 25 ವರ್ಷವಾಗಿದ್ದರೆ ಅವನು ಬದುಕಿರುವಾಗಲೇ ವಾರಸುದಾರನೊಬ್ಬನ ಹೆಸರು ಸೂಚಿಸಬಹುದು. ಆ ವಾರಸುದಾರ ಅರ್ಜಿ ಹಾಕಿ, ಸುರಕ್ಷತೆಯ ತರಬೇತಿ ಪಡೆದು, ತನ್ನ ಹೆಸರಿಗೆ ಲೈಸೆನ್ಸು ಮಾಡಿಸಿಕೊಳ್ಳಬೇಕು. ಆ ಹಿರಿಯರಿಗೆ ಎಪ್ಪತ್ತಾರು. ಯಾರೂ ಅವರಿಗೆ ಇದನ್ನು ಹೇಳಿರಲಿಲ್ಲ.

ಅದೇ 2016ರ ನಿಯಮಗಳು ಹೊಸದಾಗಿ ಅರ್ಜಿ ಹಾಕುವವರಿಂದ ಆಯುಧವನ್ನು ಭದ್ರವಾಗಿ ಇಟ್ಟುಕೊಳ್ಳುತ್ತೇನೆಂಬ ಮುಚ್ಚಳಿಕೆಯನ್ನೂ ಕೇಳುತ್ತವೆ. ಕಳೆದುಹೋದರೆ, ಕಳುವಾದರೆ ಕೂಡಲೇ ಹತ್ತಿರದ ಠಾಣೆಗೆ ತಿಳಿಸಬೇಕೆಂಬುದು ಹಳೆಯ ಷರತ್ತು. ಷರತ್ತು ಮೀರಿದರೆ ಆರು ತಿಂಗಳ ತನಕ ಸಜೆ ಆಗಬಹುದು, ಲೈಸೆನ್ಸೂ ಹೋಗಬಹುದು. ಭದ್ರವಾಗಿ ಇಡು ಎಂದು ನನ್ನ ಕೈಗೆ ಬಂದ ಕಾಗದಗಳೆಲ್ಲ ಹೇಳಿದವು. ಬೀಗದಕೈ ಮನೆಯಲ್ಲಿ ಎಲ್ಲಿರಬೇಕು ಎಂದು ಒಂದೂ ಹೇಳಲಿಲ್ಲ. ಅದನ್ನು ನಾವೇ ಯೋಚಿಸಬೇಕು.

ಕನ್ನಡದಲ್ಲಿ ನಾವು ಬೀಗದ ಕೈ ಎನ್ನುತ್ತೇವೆ. ತೆಲುಗಿನಲ್ಲಿ ಅದು ತಾಳಂ ಚೆವಿ, ಬೀಗದ ಕಿವಿ. ಎರಡು ಭಾಷೆಯಲ್ಲಿ ಬದುಕುವವನಿಗೆ ಇಂಥವು ತಲೆಯಲ್ಲಿ ಸುತ್ತುತ್ತಲೇ ಇರುತ್ತವೆ. ಮೊಮ್ಮಗನನ್ನು ಆಮೇಲೆ ಪುಸಲಾಯಿಸಿ ಕೇಳಿದೆ. ಅವನು ಬೀಗದಕೈ ಕಣ್ಣಿನಿಂದ ಹುಡುಕಿರಲಿಲ್ಲ. ಹೋದ ದಸರಾದಲ್ಲಿ ನಾನು ಅದನ್ನು ಮೊಳೆಗೆ ಹಾಕುವಾಗ ಫೋಟೋದ ಗಾಜಿಗೆ ತಗುಲಿ ಟಿಣ್ ಎಂದದ್ದನ್ನು ಪಡಸಾಲೆಯಿಂದ ಕೇಳಿಸಿಕೊಂಡಿದ್ದನಂತೆ!

ಗಡಿಯವರ ಕಷ್ಟ ಇನ್ನೊಂದು ಬಗೆ. ನಮ್ಮೂರಿನ ಉತ್ತರಕ್ಕೆ ಪಾವಗಡ ತಾಲ್ಲೂಕು. ನನ್ನ ಮೂರು ಎಕರೆ ಅಲ್ಲಿದೆ, ಕರ್ನಾಟಕದಲ್ಲಿ. ಉಳಿದದ್ದು ಇಲ್ಲಿ, ಆಂಧ್ರದಲ್ಲಿ. ನಡುವೆ ಒಂದು ಕಲ್ಲು, ಒಂದು ಜಾಲಿ ಮರ. ಲೈಸೆನ್ಸಿನಲ್ಲಿ ಯಾವ ಪ್ರದೇಶದಲ್ಲಿ ನಡೆಯುತ್ತದೆ ಎಂಬ ಕಾಲಂ ಇರುತ್ತದೆ. ನನ್ನದು ಆಂಧ್ರಕ್ಕೆ ಸೀಮಿತ. ಹಂದಿ ಕಲ್ಲು ದಾಟಿ ಆಚೆ ಹೋದರೆ ತುಪಾಕಿ ಹಿಡಿದ ನಾನು ಈಚೆಗೇ ನಿಲ್ಲಬೇಕು. ಆಚೆ ಹೊಲಕ್ಕೆ ತಗಡು ಬಡಿಯುವುದು, ಟಾರ್ಚು ಬಿಡುವುದು, ಪಟಾಕಿ. ಆ ಹೊಲದ ಗುಡಿಸಲಿನಲ್ಲಿ ಮಲಗುವ ರಾತ್ರಿಗಳಲ್ಲೇ ನನಗೆ ಈ ಪ್ರಶ್ನೆ ಹುಟ್ಟಿದ್ದು: ತುಪಾಕಿ ಆಂಧ್ರದ ಮನೆಯಲ್ಲಿದೆ, ನಾನು ಕರ್ನಾಟಕದಲ್ಲಿದ್ದೇನೆ, ಬೀಗದಕೈ ಎಲ್ಲಿರಬೇಕು?

ಹೆಂಡತಿ ತನ್ನ ಹತ್ತಿರ ಇರಲಿ ಎಂದಳು. "ಅತ್ತೆ ಇಟ್ಕಂಡಿರ್ಲಿಲ್ವ? ನಾನೇನು ಹೊಡೀತೀನಾ?" ನ್ಯಾಯವಾದ ಮಾತು. ಆದರೆ ತಮ್ಮ ಬಂದ ಹಾಗೆ ಇನ್ಯಾರೋ ಒಂದು ರಾತ್ರಿ ಬಂದು ಕೂತರೆ ಸುಳ್ಳು ಹೇಳುವ ಭಾರ ಇವಳ ಮೇಲೆ ಬೀಳುತ್ತದೆ. ಅವ್ವನಿಗೆ ಆ ಸುಳ್ಳು ಹೊಳೆಯಿತು. ಎಲ್ಲರಿಗೂ, ಎಲ್ಲ ರಾತ್ರಿಯೂ ಹೊಳೆಯುತ್ತದೆಯೇ? ಬೀಗದಕೈ ನಿಜವಾಗಿಯೂ ಮನೆಯಲ್ಲಿಲ್ಲದಿದ್ದರೆ "ಇಲ್ಲ" ಎನ್ನುವುದು ಸುಲಭ. ನಾನು ಮನೆಯಲ್ಲಿಲ್ಲದಾಗ ಆ ಪೆಟ್ಟಿಗೆ ತೆರೆಯುವ ಕೆಲಸ ಮನೆಯಲ್ಲಿ ಯಾರಿಗೂ ಇಲ್ಲ. ಹಾಗೆಂದಾಗ ಒಪ್ಪಿದಳು.

ಈಗ ಬೀಗದಕೈ ನನ್ನ ಉಡಿದಾರದಲ್ಲಿದೆ. ಅಂಗಿ ಬದಲಾದರೂ ಉಡಿದಾರ ಬದಲಾಗುವುದಿಲ್ಲ. ಅವ್ವ ಇದ್ದಾಗಲೇ ಇದು ಹೊಳೆಯಬೇಕಿತ್ತು. ಪೆಟ್ಟಿಗೆಯನ್ನು ಗೋಡೆಗೆ ಕಬ್ಬಿಣದ ಪಟ್ಟಿ ಹಾಕಿ ಕೂರಿಸಿದೆ, ಪೆಟ್ಟಿಗೆ ಸಮೇತ ಹೊತ್ತೊಯ್ಯುವ ಹಾಗಿಲ್ಲ. ಮದ್ದು ಮತ್ತು ಕೇಪಿನ ಡಬ್ಬಿಗೆ ಬೇರೆ ಬೀಗ, ಅದು ಒಲೆಯಿಂದ ದೂರದ ಬೇರೆ ಕೋಣೆಯಲ್ಲಿ. ಪೆಟ್ಟಿಗೆಗೆ ಹಾಕುವ ಮೊದಲು ಪ್ರತಿ ಸಲವೂ ತುಪಾಕಿ ಖಾಲಿ ಇದೆಯೇ ಎಂದು ನೋಡುತ್ತೇನೆ. ಮಗ ನಂಬರಿನ ಬೀಗ ತರುತ್ತೇನೆಂದ. ಬೇಡ ಎಂದೆ. ನಾನು ಇಟ್ಟುಕೊಳ್ಳುವ ನಂಬರು ಯಾವುದೆಂದು ಮೊಮ್ಮಗ ಐದು ನಿಮಿಷದಲ್ಲಿ ಕಂಡುಹಿಡಿಯುತ್ತಾನೆ.

ಒಂದು ವಿಷಯ ಎಲ್ಲರೂ ಮರೆಯುತ್ತಾರೆ, ನಾನೂ ಮರೆತಿದ್ದೆ. ಅಂಗಡಿಯಲ್ಲಿ ಬೀಗ ಕೊಂಡರೆ ಬೀಗದಕೈ ಎರಡು ಬರುತ್ತವೆ, ಕೆಲವಕ್ಕೆ ಮೂರು. ಎರಡನೆಯದು ಎಲ್ಲಿ? ಮೂರು ದಿನ ಹುಡುಕಿದೆವು. 2000ದಲ್ಲಿ ತಂದ ಬೀಗದ ಎರಡನೆಯ ಕೈ ಬಿತ್ತನೆ ಕೂರಿಗೆಯ ಸಾಮಾನಿನ ಡಬ್ಬಿಯಲ್ಲಿ, ತುಕ್ಕು ಹಿಡಿದ ಮೊಳೆಗಳ ನಡುವೆ ಬಿದ್ದಿತ್ತು. ಇಪ್ಪತ್ತೈದು ವರ್ಷ ಆ ಡಬ್ಬಿಗೆ ಕೈ ಹಾಕಿದ ಆಳುಗಳು ಎಷ್ಟೋ! ಆ ಬೀಗವನ್ನೇ ತೆಗೆದು ಹೊಸದು ಹಾಕಿದೆ. ಹೊಸ ಬೀಗದ ಎರಡನೆಯ ಕೈಯನ್ನು ಕಮ್ಮಾರನ ಕುಲುಮೆಯಲ್ಲಿ ಕಾಯಿಸಿ ಬಡಿಸಿಬಿಟ್ಟೆ. ಇರುವ ಒಂದು ಕಳೆದರೆ ಬೀಗ ಒಡೆಯಬೇಕಾದೀತು. ಒಡೆದರಾಯಿತು, ಬೀಗಕ್ಕೆ ಮುನ್ನೂರು ನಾನೂರು ರೂಪಾಯಿ.

ಕೊಡಗಿನ ಸ್ನೇಹಿತರೊಬ್ಬರು ಕವಿಗೋಷ್ಠಿಯಲ್ಲಿ ಸಿಕ್ಕಾಗ ಇದನ್ನೆಲ್ಲ ಹೇಳಿದೆ. ಅಲ್ಲಿ ಅದು ಕೋವಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಹಳೆಯ ಕಾಲದಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನು 2029ರ ತನಕ ಮುಂದುವರಿಸಿದ್ದಾರೆ. ಲೈಸೆನ್ಸಿನ ಕಾಟವಿಲ್ಲದ ನಿಮಗೆ ಬೀಗದಕೈ ಚಿಂತೆ ಇಲ್ಲವಲ್ಲ ಎಂದೆ. "ನಮ್ಮಲ್ಲೂ ಮಕ್ಕಳು ಇದ್ದಾರಲ್ಲ ಮಾರಾಯರೇ" ಎಂದರು.

ಚುನಾವಣೆ ಬಂತೆಂದರೆ ನಮ್ಮ ಪೆಟ್ಟಿಗೆ ಖಾಲಿ. ತುಪಾಕಿ ಠಾಣೆಗೆ ಹೋಗುತ್ತದೆ, ರಶೀದಿ ಮನೆಗೆ ಬರುತ್ತದೆ. 2024ರಲ್ಲಿ ಮಾರ್ಚ್ 16ಕ್ಕೆ ನೀತಿಸಂಹಿತೆ ಬಂತು, ಮೇ 13ಕ್ಕೆ ಮತದಾನ, ಜೂನ್ 4ಕ್ಕೆ ಎಣಿಕೆ. ಬೋರಿನ ನೀರಿಗೆ ಬೆಳೆದ ಬೇಸಿಗೆ ಕಡಲೆಕಾಯಿ ಕೀಳುವ ಹೊತ್ತು ಅದು. ಹಂದಿಗಳಿಗೆ ಹಬ್ಬ. ರೈತರು ಗೊಣಗುತ್ತಾರೆ, ನಾನೂ ಗೊಣಗುತ್ತೇನೆ. ಬೆಳೆ ಕಾಯುವ ಮದ್ದಿನ ತುಪಾಕಿಗಳನ್ನು ಒಂದೊಂದಾಗಿ ನೋಡಿ, ಬೇಕಾದವರಿಂದ ಮಾತ್ರ ತೆಗೆದುಕೊಳ್ಳಲಿ ಎಂಬುದು ನಮ್ಮ ಬೇಡಿಕೆ, ಅದರಲ್ಲಿ ನ್ಯಾಯ ಇದೆ. ಆದರೆ ಆ ಮೂರು ತಿಂಗಳು ನಾನು ಚೆನ್ನಾಗಿ ನಿದ್ದೆ ಮಾಡಿದೆ ಎಂಬುದನ್ನೂ ಮುಚ್ಚಿಡಲಾರೆ.

ಈ ಸಲದ ದಸರಾಕ್ಕೆ ಮೊಮ್ಮಗ ಮತ್ತೆ ಬಂದಿದ್ದ. ಆಯುಧ ಪೂಜೆಗೆ ನೇಗಿಲು, ಕುಡುಗೋಲು, ಮೋಟಾರಿನ ಸ್ಟಾರ್ಟರು, ಮಗನ ಬೈಕು ಎಲ್ಲಕ್ಕೂ ಅರಿಶಿನ ಕುಂಕುಮ. ತುಪಾಕಿಯನ್ನೂ ತೆಗೆದು ಇಟ್ಟೆ. ಮಂಗಳಾರತಿ ಆಗುವ ತನಕ ಪಕ್ಕದಲ್ಲೇ ಕೂತಿದ್ದೆ, ನೀರು ಕುಡಿಯಲೂ ಏಳಲಿಲ್ಲ. ಆಮೇಲೆ ಹೂವು ತೆಗೆದು, ಒರೆಸಿ, ಪೆಟ್ಟಿಗೆಗೆ ಹಾಕಿ ಬೀಗ ಹಾಕಿದೆ. ಹುಡುಗ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಬೀಗದಕೈಯನ್ನು ಉಡಿದಾರಕ್ಕೆ ಗಂಟು ಹಾಕುವುದನ್ನೂ ನೋಡಿದ.

"ತಾತ, ನೀರು ಹುಯ್ಕೊಳ್ಳೋವಾಗ ಬಿಚ್ಚಿಡ್ತೀಯಾ?"

"ಇಲ್ಲ."

"ಮಲಗ್ದಾಗ?"

"ಆಗ್ಲೂ ಇಲ್ಲ ಕಣೋ."

ಸ್ವಲ್ಪ ಹೊತ್ತು ಯೋಚನೆ ಮಾಡಿ, ಸೌತೆಕಾಯಿ ಬೇಕೆಂದು ಅಜ್ಜಿಯ ಕಡೆ ಓಡಿದ.